ಎರಡನೇ ಲೋಟ

ಕೆಟಲಿನಲ್ಲಿ ನೀರು ಇನ್ನೂ ಕುದಿ ಬಂದಿರಲಿಲ್ಲ, ಆಗಲೇ ದರ್ಜಿಯ ಅಂಗೈ ಬೆವರತೊಡಗಿತ್ತು. ಅದೇನು ಇವತ್ತಿನ ಕಥೆಯಲ್ಲ. ಸೇತುವೆ ಕಾಯಲು ತುಕಡಿ ಹೊಳೆ ದಂಡೆಯ ಈ ಸೋಪಿನ ಕಾರ್ಖಾನೆಗೆ ಬಂದು ಬಿಡಾರ ಹೂಡಿದಾಗಿನಿಂದ ಬೆಳಗಿನ ಚಹಾದ ಹೊತ್ತಿಗೆ ಸರಿಯಾಗಿ ಕೈ ಒದ್ದೆಯಾಗುತ್ತಿತ್ತು. ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ, ಮತ್ತೆ ಒದ್ದೆಯಾಗುತ್ತಿತ್ತು. ದರ್ಜಿಯಾದವನ ಕೈ ಬೆವರಬಾರದು, ಬೆವರಿದರೆ ರೇಷ್ಮೆಗೆ ಕಲೆ ಕೂರುತ್ತದೆ ಎಂದು ಭಾವ ಕಲಿಸಿದ್ದ. ಕಲಿಸಿದ್ದು ಬಾಯಿಂದಲ್ಲ, ಗಜಕಡ್ಡಿಯಿಂದ. ಆ ಭಾವ, ಅಂದರೆ ಅಕ್ಕನ ಗಂಡ, ಅವನ ಕೈಗೆ ಮೊದಲು ಸೂಜಿ ಕೊಟ್ಟವನು, ಈಗ ಅವನ ಕೈಕೆಳಗಿನ ಸಿಪಾಯಿ. ಸೋಪು ಒಣಗಿಸುವ ಹಲಗೆಯ ಮೇಲೆ ಕಂಬಳಿ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಚ್ಚರವಾಗಿಯೇ ಮಲಗಿದ್ದಾನೆಂದು ದರ್ಜಿಗೆ ಗೊತ್ತಿತ್ತು. ಬೆನ್ನು ನೋಡಿದರೆ ಸಾಕು, ನಿದ್ದೆಯೋ ಸೋಗೋ ಹೇಳಬಲ್ಲ. ವರ್ಷಗಟ್ಟಲೆ ಆ ಬೆನ್ನಿನ ಹಿಂದೆಯೇ ಕೂತು ಕಾಜಾ ಹೊಲಿದವನು ಅವನು. ಚಹಾ ಬರುವವರೆಗೂ ಭಾವ ಹಾಗೆಯೇ ಬಿದ್ದಿರುತ್ತಾನೆ, ಬಂದ ಮೇಲೆ ಎದ್ದು ಎಲ್ಲರ ಕೊನೆಗೆ ಬಂದು ತನ್ನ ಲೋಟ ಒಡ್ಡುತ್ತಾನೆ, ಕುಡಿಯುತ್ತಾನೆ, ಲೋಟವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು ನಿಲ್ಲುತ್ತಾನೆ. ಆ ಸ್ವಲ್ಪ ಹೊತ್ತೇ ದರ್ಜಿಯ ಪಾಲಿನ ನರಕ.

ಎರಡನೇ ಲೋಟ ಎಂದರೆ ಇಷ್ಟೇ. ಹೊಸ ದಂಡನಾಯಕ ಬಂದ ಮೇಲೆ ಸೈನ್ಯದಲ್ಲಿ ಹುಟ್ಟಿದ ನೂರೆಂಟು ಹೊಸ ಕಾನೂನುಗಳಲ್ಲಿ ಇದೊಂದು: ಪ್ರತಿ ತುಕಡಿಯ ನಾಯಕನೂ ಪ್ರತಿ ದಿನ ಬೆಳಿಗ್ಗೆ ಎಲ್ಲರ ಎದುರು ಒಬ್ಬನನ್ನು ಗೊತ್ತುಮಾಡಬೇಕು. ಅವತ್ತು ಹಿಂದೆ ಸರಿಯುವ ಪ್ರಸಂಗ ಬಂದರೆ ಆ ಒಬ್ಬ ಮಷೀನ್‌ಗನ್ನಿನ ಹತ್ತಿರ ಉಳಿಯುತ್ತಾನೆ, ಮಿಕ್ಕವರು ಹೋಗುತ್ತಾರೆ. ಯಾಕೆ ಅವನು, ಯಾಕೆ ಇವನಲ್ಲ ಎಂದು ಯಾರೂ ಕೇಳಬಾರದು, ನಾಯಕ ಹೇಳಬಾರದು. ಒಮ್ಮೆ ಹೇಳಿದ ಹೆಸರು ಮರುದಿನದ ಬೆಳಗಿನವರೆಗೆ ಬದಲಾಗಬಾರದು. ಹೇಳುವುದಕ್ಕೇನೋ ಸುಲಭ. ಆದರೆ ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಜೊತೆಗೇ ಉಂಡು ಮಲಗಿದವನ ಮುಖ ನೋಡಿ ‘ಇವತ್ತು ಸಾಯೋನು ನೀನು’ ಎನ್ನಲು ಯಾವ ಗಂಡಸಿಗೆ ನಾಲಿಗೆ ಏಳುತ್ತದೆ? ದರ್ಜಿಗಂತೂ ಏಳಲಿಲ್ಲ. ಮೊದಲ ದಿನ, ಎಲ್ಲರೂ ಕಾಯುತ್ತಿರುವಾಗ, ಏನು ಮಾಡಬೇಕೆಂದು ತೋಚದೆ ಕೆಟಲ್ ಎತ್ತಿ ಒಬ್ಬನ ಖಾಲಿ ಲೋಟಕ್ಕೆ ಇನ್ನೊಮ್ಮೆ ಚಹಾ ಬಗ್ಗಿಸಿದ್ದ. ಅವನಿಗೂ ತಿಳಿಯಿತು, ಮಿಕ್ಕವರಿಗೂ ತಿಳಿಯಿತು. ಅವತ್ತಿನಿಂದ ಅದೇ ರೂಢಿಯಾಯಿತು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಸಾವು ಸಾವೇ, ಆದರೆ ಸಕ್ಕರೆ ಹಾಕಿತ್ತು. ಅಕ್ಕಪಕ್ಕದ ತುಕಡಿಗಳ ನಾಯಕರೂ ಇದನ್ನು ಕೇಳಿ ಬದುಕಿದೆವು ಎಂದುಕೊಂಡು ತಾವೂ ಚಹಾ ಬಗ್ಗಿಸತೊಡಗಿದರಂತೆ. ಹೇಡಿತನ ಎಷ್ಟು ಬೇಗ ಸಂಪ್ರದಾಯವಾಗುತ್ತದೆ ನೋಡಿ.

ದಂಡನಾಯಕನನ್ನು ಸಿಪಾಯಿಗಳು ಬೆನ್ನ ಹಿಂದೆ ‘ಹರಳೆಣ್ಣೆ’ ಎನ್ನುತ್ತಿದ್ದರು. ಮುಖ ಹಾಗಿತ್ತು, ಗುಣವೂ ಹಾಗೇ: ನುಂಗುವಾಗ ಹೊಟ್ಟೆ ತೊಳಸುತ್ತದೆ, ಆಮೇಲೆ ಇದ್ದುದೆಲ್ಲ ಹೊರಗೆ ಬರುತ್ತದೆ. ಹಳೇ ಸೈನ್ಯದಲ್ಲಿ ದೊಡ್ಡ ಮನೆಯ ಮಕ್ಕಳೇ ನಾಯಕರು, ಅವರ ಬೂಟಿಗೆ ಒಬ್ಬ, ಛತ್ರಿಗೆ ಒಬ್ಬ. ಆಚೆಯವರು ಗಡಿ ದಾಟಿ ಬಂದ ಮೊದಲ ವಾರ ದೊಡ್ಡ ಹೊಳೆಯ ಹತ್ತಿರ ಏನಾಯಿತೆಂದು ದರ್ಜಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವನು ಅಲ್ಲೇ ಇದ್ದ. ಯಾರು ತಡೆದು ನಿಲ್ಲಬೇಕೆಂದು ಯಾರೂ ಹೇಳಲಿಲ್ಲ, ಆದ್ದರಿಂದ ಯಾರೂ ನಿಲ್ಲಲಿಲ್ಲ. ಎಲ್ಲರೂ ಒಟ್ಟಿಗೇ ಅಲ್ಲಿನ ಸೇತುವೆಗೆ ನುಗ್ಗಿದರು. ಅವನ ಕಾಲಡಿ ಮೆತ್ತಗೆ ಏನೋ ಸಿಕ್ಕಿತ್ತು, ಅದು ಕೂಗಿತ್ತು, ಅವನು ಅದರ ಮೇಲೆಯೇ ಕಾಲಿಟ್ಟು ಮುಂದೆ ಹೋಗಿದ್ದ. ಈಗಲೂ ಸೋಪಿನ ರಾಶಿಯ ಮೇಲೆ ಅಕಸ್ಮಾತ್ ಕಾಲಿಟ್ಟರೆ ಅವನ ಮೈ ಜುಮ್ಮೆನ್ನುತ್ತದೆ. ಆಮೇಲೆ ಹರಳೆಣ್ಣೆ ಬಂದ. ಛತ್ರಿಗಳು ಹೋದವು, ಕುದುರೆಗಳು ತೋಪು ಎಳೆಯಲು ಹೋದವು, ನಾಯಕರು ಸಿಪಾಯಿಗಳೆಲ್ಲ ಉಂಡ ಮೇಲೆ ತಳ ಕೆರೆದು ಉಣ್ಣಬೇಕಾಯಿತು. ಸೇತುವೆಯ ಮೇಲೆ ಹೆಣಗಳ ನಡುವೆ ನಿಂತು ಮಿಕ್ಕವರನ್ನು ಬೈದು ಸಾಲು ಮಾಡಿಸಿದವನು ಈ ದರ್ಜಿ ಎಂದು ಯಾರೋ ಹೇಳಿದರಂತೆ, ಅವನನ್ನು ಕರೆದು ನಾಯಕ ಮಾಡಿದರು. ಬೈದದ್ದು ನಿಜ. ಹೆದರಿಕೆಗೆ ಬೈದದ್ದು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಅವನಾದರೂ ಏನು ಮಾಡಬೇಕಿತ್ತು? ತುಕಡಿಯಲ್ಲಿ ಎಲ್ಲರಿಗೂ ಸರದಿಯಂತೆ ಎರಡನೇ ಲೋಟ ಸಿಕ್ಕಿತ್ತು. ರಾತ್ರಿಯೆಲ್ಲ ಗೋಡೆ ಅಲುಗುವಂತೆ ಗೊರಕೆ ಹೊಡೆದು ‘ಗೊರಕೆ’ ಎಂದೇ ಹೆಸರು ಪಡೆದ ಸಿಪಾಯಿಗೆ ಎಷ್ಟೋ ಸಲ. ಚಹಾ ಕಾಸುವ ಅಡುಗೆಯವನಿಗೂ ಒಮ್ಮೆ. ಅವತ್ತು ಅವನು ತಾನೇ ಕಾಸಿದ ಚಹಾವನ್ನು ‘ಥೂ, ಕಹಿ’ ಎಂದು ಉಗಿದಿದ್ದ. ಹೊಳೆಯಾಚೆ ಸದ್ದಿಲ್ಲದೆ ವಾರಗಳು ಕಳೆದ ಮೇಲೆ ಅದೊಂದು ತಮಾಷೆಯೇ ಆಗಿಬಿಟ್ಟಿತ್ತು. ‘ನಾಯಕರೇ, ಗಂಟಲು ಕಟ್ಟಿದೆ, ಇವತ್ತು ನಂಗೇ ಹಾಕಿ’ ಎಂದು ಗೊರಕೆ ಲೋಟ ಬಡಿಯುತ್ತಿದ್ದ. ಭಾವನಿಗೆ ಮಾತ್ರ ಒಂದು ದಿನವೂ ಬಿದ್ದಿರಲಿಲ್ಲ. ಕೊಟ್ಟರೆ ಅಕ್ಕನ ಮುಖ. ತಾಯಿ ತೀರಿಕೊಂಡ ಮೇಲೆ ಎತ್ತಿ ಆಡಿಸಿದವಳು, ತುಕಡಿ ಅವರದೇ ಊರಿನ ಈ ಕಾರ್ಖಾನೆಗೆ ಬಂದ ದಿನ ಬಾಗಿಲಲ್ಲಿ ನಿಂತು, ‘ನೀನು ನಾಯಕ ಅಂತೆ, ಅವರಿಗೆ ಮೊದಲೇ ಸಿಟ್ಟು ಜಾಸ್ತಿ, ಸ್ವಲ್ಪ ನೋಡ್ಕೊಳೋ’ ಎಂದಿದ್ದಳು. ಅದೊಂದೇ ಆಗಿದ್ದರೆ ಸರಿ. ಕೊಟ್ಟರೆ ಜನ ಏನೆನ್ನುತ್ತಾರೆ? ಗಜಕಡ್ಡಿಯ ಸೇಡು ತೀರಿಸಿಕೊಂಡ ಎನ್ನುತ್ತಾರೆ. ಕೊಡದಿದ್ದರೆ? ಅಕ್ಕನ ಗಂಡನನ್ನು ಬಚ್ಚಿಟ್ಟುಕೊಂಡ ಎನ್ನುತ್ತಾರೆ, ಅನ್ನುತ್ತಲೂ ಇದ್ದರು. ಅತ್ತ ದರಿ, ಇತ್ತ ಪುಲಿ. ಇದರ ಕೆಳಗೆ ಇನ್ನೂ ಒಂದಿತ್ತು, ಅದನ್ನು ಅವನು ಮುಟ್ಟಿ ನೋಡುತ್ತಿರಲಿಲ್ಲ: ಕೊಡಬೇಕೆಂದು ಅವನಿಗೆ ಆಸೆಯಿತ್ತು.

ಒಂದು ಸಲ, ಅಂಗಡಿಯಲ್ಲಿ, ಗಿರಾಕಿಯೊಬ್ಬರ ಕೋಟಿನ ಬಟ್ಟೆಯನ್ನು ಅವನು ತಪ್ಪಾಗಿ ಕತ್ತರಿಸಿದ್ದ, ಒಂದು ತೋಳು ಗಿಡ್ಡ. ಭಾವ ಹೊಡೆಯಲಿಲ್ಲ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಆ ಕೋಟನ್ನು ಹಾಗೇ ಪೂರ್ತಿ ಹೊಲಿಸಿ, ಅವನಿಗೇ ತೊಡಿಸಿ, ಅಂಗಡಿಯ ಮುಂದೆ ನಿಲ್ಲಿಸಿದ. ‘ಬನ್ನಿ ಬನ್ನಿ, ನಮ್ಮ ದಂಡಪಿಂಡನ ಹೊಸ ಫ್ಯಾಷನ್ ನೋಡಿ’ ಎಂದು ಹೋಗಿಬರುವವರನ್ನೆಲ್ಲ ಕರೆದ. ಮೀಸೆ ಬಂದ ಮೈದುನ, ಸಂಜೆಯವರೆಗೆ ನಿಂತಿದ್ದ. ಮಧ್ಯಾಹ್ನ ಅಕ್ಕ ಊಟ ತಂದಳು. ಅವಳು ಗಂಡನಿಗೆ ಬೈಯುತ್ತಾಳೆ ಎಂದು ಅವನು ಕಾದ. ಅವಳು ಗಿಡ್ಡ ತೋಳನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಭುಜ ಕುಲುಕುತ್ತಿತ್ತು. ನಗು ತಡೆಯಲಾರದೆ ಒಳಗೆ ಓಡಿದಳು. ಆಮೇಲೆ ರಾತ್ರಿ ಬಂದು ತಲೆ ಸವರಿ ‘ಕೋಪ ಮಾಡ್ಕೋಬೇಡ್ವೋ, ಬೇಕು ಅಂತ ನಗ್ಲಿಲ್ಲ’ ಎಂದಳು, ಅದೂ ನಿಜವೇ. ಆದರೆ ಕೆಟಲ್ ಹಿಡಿದಾಗಲೆಲ್ಲ ಅವನಿಗೆ ನೆನಪಾಗುವುದು ತಲೆ ಸವರಿದ ಕೈಯಲ್ಲ, ಕುಲುಕಿದ ಆ ಭುಜ.

ನಿನ್ನೆ ನಲ್ಲಿಯ ಹತ್ತಿರ ಭಾವ ಅವನನ್ನು ಅಡ್ಡಗಟ್ಟಿದ್ದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ‘ನಾಯಕರೇ, ಒಂದು ಮಾತು’ ಎಂದ. ‘ನಾಯಕರೇ’ ಎಂಬುದನ್ನು ಅವನು ಹಲ್ಲಿನಿಂದ ದಾರ ಕಡಿಯುವ ಹಾಗೆ ಹೇಳುತ್ತಿದ್ದ.

‘ಹೇಳಿ ಭಾವ.’

‘ಆ ಗೊರಕೆ ನನ್ನ ಏನಂತ ಕರೀತಾನೆ ಗೊತ್ತಾ? ಮನೆಅಳಿಯ. ಅಡುಗೆಯವನು ಅನ್ನ ಹಾಕುವಾಗ ನಗ್ತಾನೆ. ನಾನೇನು ನಿನ್ನ ಸೆರಗಲ್ಲಿ ಕಟ್ಕೊಂಡಿರೋ ಗಂಟಾ?’

‘ಹಾಗೇನಿಲ್ಲ ಭಾವ. ಸರದಿ...’

‘ಸರದಿ! ಈ ವಯಸ್ಸಲ್ಲಿ ನಿನ್ನ ಕೈಕೆಳಗೆ ಬಂದಿದ್ದೀನಿ, ಅದನ್ನೂ ನುಂಗ್ಕೊಂಡಿದ್ದೀನಿ. ಮರ್ಯಾದೆ ಒಂದಿತ್ತು, ಅದನ್ನೂ ತೆಗೀತಿದ್ದೀಯಲ್ಲೋ. ನನಗೂ ಒಂದು ಲೋಟ ಹಾಕು. ಅಥವಾ ಎಲ್ಲರೆದುರು ಹೇಳು, ಈತ ನನ್ನಕ್ಕನ ಗಂಡ, ಕೈಲಾಗದವನು, ಅದಕ್ಕೇ ಕೊಡಲ್ಲ ಅಂತ.’

ಅಷ್ಟು ಹತ್ತಿರದಿಂದ ಭಾವನನ್ನು ನೋಡಿ ಬಹಳ ಕಾಲವಾಗಿತ್ತು; ಕಣ್ಣ ಕೆಳಗೆ ಚೀಲ, ಕತ್ತಿನ ಚರ್ಮ ಜೋತುಬಿದ್ದಿತ್ತು. ಕಾಲರ್ ಅಳತೆ ಎರಡು ಬೆರಳು ಇಳಿದಿದೆ ಎಂದುಕೊಂಡ ದರ್ಜಿ. ಇಂಥಾದ್ದೇ ಹೊಳೆಯುತ್ತದೆ ಅವನಿಗೆ. ‘ನೋಡೋಣ ಭಾವ’ ಎಂದು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಿದ್ದ.

ಹಾಗಾಗಿ ಇವತ್ತು ಕೊಟ್ಟೇಬಿಡುವುದೆಂದು ನಿಶ್ಚಯವಾಗಿತ್ತು. ಹೊಳೆಯಾಚೆ ಸದ್ದಿಲ್ಲ, ಇವತ್ತೇನು, ಈ ತಿಂಗಳೂ ಏನೂ ಆಗುವಂತಿಲ್ಲ; ಒಂದು ಲೋಟ ಚಹಾ, ಅಷ್ಟೇ. ಭಾವನ ಮರ್ಯಾದೆಯೂ ಉಳಿಯಿತು, ಗೊರಕೆಯ ಬಾಯಿಯೂ ಮುಚ್ಚಿತು, ಅಕ್ಕನ ಗಂಡನೂ ನೆಟ್ಟಗಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಂಥ ಜಾಣತನ! ತನಗೇ ಖುಷಿಯಾಗಿ ದರ್ಜಿ ಕೆಟಲಿಗೆ ಇನ್ನೊಂದು ಹಿಡಿ ಸಕ್ಕರೆ ಹಾಕಿಸಿದ. ಅಷ್ಟರಲ್ಲೇ ಹೊರಗೆ ಕಾವಲಿನವನು ಕೆಮ್ಮಿದ, ಬಾಗಿಲಲ್ಲಿ ಬೆಳಕು ಮರೆಯಾಯಿತು, ನೋಡಿದರೆ ಹರಳೆಣ್ಣೆ. ಕುದುರೆಯಿಲ್ಲ, ವಾಹನವಿಲ್ಲ, ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ತನ್ನದೇ ಒಂದು ತಗಡಿನ ಲೋಟ. ಎಲ್ಲರೂ ದಡಬಡಿಸಿ ಎದ್ದರು. ಸಲಾಮು ಹೊಡೆಯಕೂಡದೆಂದು ಅವನದೇ ಕಾನೂನು, ಆದ್ದರಿಂದ ಎದ್ದ ಕೈಗಳು ಎಲ್ಲಿ ಹೋಗಬೇಕೆಂದು ತಿಳಿಯದೆ ತಲೆ ಕೆರೆದುಕೊಂಡವು.

‘ಕೂತ್ಕೊಳಿ. ನಾನು ಕೊನೇಲಿ ಕುಡೀತೀನಿ’ ಎಂದು ಅವನು ಸೋಪಿನ ಪೆಟ್ಟಿಗೆಯೊಂದರ ಮೇಲೆ ಕೂತ.

ದರ್ಜಿ ಬಗ್ಗಿಸಿದ. ಒಬ್ಬೊಬ್ಬರಿಗೂ ಒಂದೊಂದು. ಭಾವ ಕೊನೆಗೆ ಬಂದ, ಕುಡಿದ, ಎಂದಿನ ಹಾಗೆ ಲೋಟ ಕೈಯಲ್ಲೇ ಹಿಡಿದು ನಿಂತ. ದಂಡನಾಯಕನ ಕಣ್ಣು ಬೆನ್ನ ಮೇಲಿತ್ತು. ಈಗ ಬೇರೆ ಯಾರಿಗೋ ಕೊಟ್ಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಕೊಟ್ಟರೆ ಗೊರಕೆ ಕಿಸಕ್ಕೆನ್ನುತ್ತಾನೆ, ಯಾಕೆ ನಕ್ಕೆ ಎಂದು ಹರಳೆಣ್ಣೆ ಕೇಳುತ್ತಾನೆ. ಅದಕ್ಕಿಂತ ಹೆಚ್ಚಾಗಿ, ಛೆ, ಹೇಳಿದರೆ ನಾಚಿಕೆ, ಇಷ್ಟು ದೊಡ್ಡ ಮನುಷ್ಯನ ಎದುರು ತನ್ನ ನ್ಯಾಯ ತೋರಿಸುವ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎನ್ನಿಸಿತು. ಕೆಟಲ್ ಬಾಗಿಸಿದ. ಭಾವನ ಲೋಟ ತುಂಬಿತು. ಕಾರ್ಖಾನೆಯಲ್ಲಿ ಒಂದು ನಿಟ್ಟುಸಿರು ಹರಿದಾಡಿತು, ಗೊರಕೆ ಕಣ್ಣು ಕೆಳಗೆ ಹಾಕಿದ. ಭಾವ ನೆಟ್ಟಗೆ ನಿಂತು, ಅಂಗಡಿಯಲ್ಲಿ ದೊಡ್ಡ ಗಿರಾಕಿ ಬಂದಾಗ ನಿಲ್ಲುವ ಹಾಗೆ ಎದೆ ಸೆಟೆದು, ಆ ಚಹಾವನ್ನು ಗುಟುಕು ಗುಟುಕಾಗಿ ಕುಡಿದ. ಅಷ್ಟು ಸಂತೋಷ ಅವನ ಮುಖದಲ್ಲಿ ದರ್ಜಿ ಎಂದೂ ನೋಡಿರಲಿಲ್ಲ.

‘ಇದೇನಿದು, ಇವನೊಬ್ಬನಿಗೆ ಎರಡು?’ ಎಂದ ದಂಡನಾಯಕ.

ಗೊರಕೆ ಹಲ್ಲು ಕಿರಿದು ವಿವರಿಸಿದ. ದಂಡನಾಯಕ ನಗಲಿಲ್ಲ. ‘ನಾನು ಹೆಸರು ಹೇಳು ಅಂದಿದ್ದೆ, ಟೀ ಕೊಡು ಅಂದಿರ್ಲಿಲ್ಲ’ ಎಂದು ದರ್ಜಿಯ ಕಡೆ ತಿರುಗಿದ. ‘ಹೇಳು. ಇವತ್ತು ಹಿಂದೆ ಉಳಿಯೋನು ಯಾರು?’

ದರ್ಜಿ ಬಾಯಿ ತೆರೆದ. ಕೆಟಲಿನ ಮೂತಿಯಿಂದ ಒಂದು ಹನಿ ಬೂಟಿನ ಮೇಲೆ ಬಿತ್ತು, ಇನ್ನೊಂದು ಬಿತ್ತು.

‘ಬಾಯಿಬಿಟ್ಟು ಹೇಳು.’

‘ನಾನೇ ಸ್ವಾಮಿ’ ಎಂದ ಭಾವ.

ದಂಡನಾಯಕ ದರ್ಜಿಯನ್ನೇ ನೋಡುತ್ತಿದ್ದ. ‘ಅವನು ಹೇಳಿದ. ನೀನು ಹೇಳಲಿಲ್ಲ’ ಎಂದ. ‘ಹೇಳೋದು ಕಲಿ. ಟೀ ಎಲ್ಲಾ ಕಡೆ ಸಿಗಲ್ಲ.’ ಆಮೇಲೆ ತನ್ನ ಲೋಟ ಒಡ್ಡಿ, ತಳದಲ್ಲಿ ಉಳಿದಿದ್ದ ಗಸಿಯನ್ನು ಹಾಕಿಸಿಕೊಂಡು, ಅವನನ್ನು ಸೋಪು ಕಾಸುವ ಹಂಡೆಗಳ ಕೋಣೆಗೆ ಕರೆದುಕೊಂಡು ಹೋದ.

ಅಲ್ಲಿ ಹಂಡೆಯ ಅಂಚಿಗೆ ಒರಗಿ, ಬಿಸಿಲು ಚೆನ್ನಾಗಿದೆ ಎನ್ನುವಷ್ಟೇ ಸಲೀಸಾಗಿ ಅವನು ಹೇಳಿದ: ‘ಮಧ್ಯಾಹ್ನ ಸೇತುವೆ ಬಿಡ್ತೀವಿ. ಊರನ್ನೂ ಬಿಡ್ತೀವಿ. ಆಚೆಯವರು ಮೇಲೆ ಇನ್ನೊಂದು ಕಡೆ ಹೊಳೆ ದಾಟಿ ಆಯ್ತು. ಗುಡ್ಡದ ಸಂದಿನಲ್ಲಿ ನಿಂತರೆ ಅವರನ್ನು ಮುರೀಬಹುದು, ಇಲ್ಲಿ ನಿಂತರೆ ನಾವೇ ಮುರೀತೀವಿ. ಊರಲ್ಲಿ ಉಳಿದಿರೋ ಜನಕ್ಕೆ ನಿಮ್ಮ ಜೊತೆ ಹೊರಡೋಕೆ ಹೇಳಿ. ಉಳಿದವರನ್ನ ಆಚೆಯವರು ಏನು ಮಾಡ್ತಾರೆ ಅಂತ ಹೋದ ಊರಲ್ಲಿ ನೋಡಿದ್ದೀಯಲ್ಲ.’

ನೋಡಿದ್ದ. ಹೆಣ ತುಂಬಿದ್ದ ಆ ಊರಿನ ಬಾವಿಯನ್ನು ನೋಡಿದ್ದ. ದರ್ಜಿ ಕೇಳಿದ: ‘ಸ್ವಾಮಿ, ಬೆಳಿಗ್ಗೆ ಗೊತ್ತುಮಾಡಿದವನನ್ನ ಬದಲಾಯಿಸ್ಬಹುದಾ?’

‘ಯಾಕೆ?’

‘ಅವರು ನಮ್ಮಕ್ಕನ ಗಂಡ.’

‘ಬೆಳಿಗ್ಗೆ ಆಗಿರ್ಲಿಲ್ವಾ?’

ದರ್ಜಿ ಹಂಡೆಯ ತಳದಲ್ಲಿ ಹೆಪ್ಪುಗಟ್ಟಿದ್ದ ಹಳದಿ ಕೊಬ್ಬನ್ನು ನೋಡಿದ. ‘ನಾನೇ ಉಳೀತೀನಿ’ ಎಂದ. ಹೇಳಿದ ಕೂಡಲೇ, ಬೇಡ ಎನ್ನಲಿ ದೇವರೇ ಎಂದು ಮನಸ್ಸು ಬೇಡಿಕೊಂಡಿತು. ಅದನ್ನು ಅವನು ಕೇಳಿಸಿಕೊಂಡ.

‘ಅದು ಧೈರ್ಯ ಅಲ್ಲ, ರಜ. ನೀನು ಸತ್ತು ಆರಾಮಾಗಿರ್ತೀಯ, ಈ ಕುರಿಗಳನ್ನ ಗುಡ್ಡದವರೆಗೆ ಯಾರು ಹೊಡ್ಕೊಂಡು ಹೋಗೋದು?’ ದಂಡನಾಯಕ ಲೋಟದ ಗಸಿಯನ್ನು ನೆಲಕ್ಕೆ ಚೆಲ್ಲಿದ. ‘ಒಳ್ಳೆ ಕೆಲಸ ಮಾಡಿದ್ದೀಯ. ಸ್ವಂತದವನನ್ನೇ ಕೊಟ್ಟ ನಾಯಕ ಅಂದ್ಮೇಲೆ ನಾಳೆಯಿಂದ ಇವರು ನೀನು ತೋರಿಸಿದ ಕಡೆ ಬೀಳ್ತಾರೆ. ನನಗೆ ಇಂಥವರು ಇನ್ನೂ ಬೇಕು.’

ಆ ಮಾತು ಕೇಳಿ ದರ್ಜಿಯ ಎದೆ ಉಬ್ಬಿತು. ಹೌದು, ಉಬ್ಬಿತು, ಅದಕ್ಕೆ ಅವನೇನು ಮಾಡಲಿ? ಜನ್ಮದಲ್ಲಿ ಮೊದಲ ಸಲ ಒಬ್ಬ ದೊಡ್ಡ ಮನುಷ್ಯ ಅವನ ಕೆಲಸ ಚೆನ್ನಾಗಿದೆ ಎಂದಿದ್ದ. ಆಮೇಲೆ ಹಂಡೆಯ ಪಕ್ಕ ಕೂತು ವಾಂತಿ ಮಾಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದರು. ಯಾರಿಗೂ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಭಾವ ಒಣಗಿಸುವ ಕೋಣೆಯ ಕಿಟಕಿಯಲ್ಲಿ, ಸೇತುವೆ ನೇರ ಕಾಣುವ ಕಡೆ, ಮಷೀನ್‌ಗನ್ನಿನ ಸುತ್ತ ಸೋಪಿನ ಪೆಟ್ಟಿಗೆಗಳನ್ನು ಪೇರಿಸಿಕೊಂಡು ಕೂತಿದ್ದ. ಹೊಸ ಹೊಲಿಗೆ ಮಷೀನಿಗೆ ಎಣ್ಣೆ ಬಿಡುವ ಹಾಗೆ ಗನ್ನಿನ ಸಂದುಗಳಿಗೆ ಬಟ್ಟೆಯ ತುದಿಯಿಂದ ಎಣ್ಣೆ ಮುಟ್ಟಿಸುತ್ತಿದ್ದ. ಬೆಳಗಿನ ಸಂತೋಷ ಮುಖದಲ್ಲಿರಲಿಲ್ಲ. ಬಣ್ಣ ಬೂದಿಯಾಗಿತ್ತು, ಕೈ ಮಾತ್ರ ತಪ್ಪುತ್ತಿರಲಿಲ್ಲ.

‘ಬೆಳಿಗ್ಗೆ ಗೊತ್ತಿತ್ತಾ ನಿನಗೆ?’ ಎಂದ, ತಲೆಯೆತ್ತದೆ.

ದರ್ಜಿಗೆ ಎರಡು ಉತ್ತರಗಳಿದ್ದವು. ಗೊತ್ತಿರಲಿಲ್ಲ ಎಂದರೆ, ನಿನಗೆ ಕೊಟ್ಟದ್ದು ಸುಮ್ಮನೆ ನಾಟಕಕ್ಕೆ, ಏನೂ ಆಗುವುದಿಲ್ಲವೆಂದು ಧೈರ್ಯವಾಗಿ ಕೊಟ್ಟೆ ಎಂದ ಹಾಗೆ; ಎದೆ ಸೆಟೆದು ಕುಡಿದ ಆ ಚಹಾವನ್ನು ಅವನ ಬಾಯಿಂದ ಕಿತ್ತುಕೊಂಡ ಹಾಗೆ. ಸಾಯುವವನಿಗೆ ಅಷ್ಟಾದರೂ ಇರಲಿ ಎನ್ನಿಸಿತು.

‘ಗೊತ್ತಿತ್ತು ಭಾವ. ಇಂಥ ದಿನ ನಿಲ್ಲೋನು ನೀವೊಬ್ಬರೇ ಅಂತ...’

ಭಾವ ಈಗ ತಲೆಯೆತ್ತಿದ. ಕೊಡಬೇಕೆಂದುಕೊಂಡದ್ದು ಮರ್ಯಾದೆ, ಅಲ್ಲಿಗೆ ಹೋಗಿ ಮುಟ್ಟಿದ್ದು ಬೇರೆಯೇ ಎಂದು ದರ್ಜಿಗೆ ಆ ಕಣ್ಣು ನೋಡಿ ತಿಳಿಯಿತು, ಆದರೆ ಆಡಿದ ಮಾತು ಹೊಲಿದ ಬಟ್ಟೆಯಲ್ಲ, ಬಿಚ್ಚಲು ಬರುವುದಿಲ್ಲ.

‘ಗೊತ್ತಿದ್ದೇ ಕೊಟ್ಟೆ’ ಎಂದ ಭಾವ. ‘ಸರಿ. ಕೋಟಿನ ಲೆಕ್ಕ ಚುಕ್ತಾ ಆಯ್ತು ಬಿಡು.’

‘ಅಯ್ಯೋ ಭಾವ, ಹಾಗಲ್ಲ...’

‘ಹೇಗಾದ್ರೂ ಆಗ್ಲಿ. ಒಂದು ಕೆಲಸ ಮಾಡು. ಹೋಗ್ತಾ ಮನೆ ಮುಂದೇನೇ ಹೋಗ್ತೀರಿ. ನಿಮ್ಮಕ್ಕನಿಗೆ ಹೇಳು. ನಾನು ಬರಲ್ಲ, ನನ್ನ ಇಲ್ಲಿ ಬಿಟ್ಟು ಬಂದೆ ಅಂತ ನೇರವಾಗಿ ಹೇಳು. ಗೊತ್ತಲ್ಲ ಅವಳ ಸ್ವಭಾವ, ನಾನು ಬರ್ತೀನಿ ಅನ್ನೋ ಆಸೆ ಸೂಜಿ ಮೊನೆಯಷ್ಟಿದ್ರೂ ಅಲ್ಲಾಡೋಳಲ್ಲ. ಹೇಳಿದ್ರೆ ಅತ್ತುಕೊಂಡಾದ್ರೂ ನಿಮ್ಮ ಜೊತೆ ಹೊರಡ್ತಾಳೆ.’ ಎಣ್ಣೆ ಬಟ್ಟೆ ಕೆಳಗಿಟ್ಟ. ‘ನಿನ್ನ ಕಾಲಿಗೆ ಬೀಳ್ತೀನಿ ಕಣೋ. ನೀನು ಏನನ್ನೂ ಬಾಯಿಬಿಟ್ಟು ಹೇಳೋನಲ್ಲ. ಇದೊಂದು ಹೇಳು.’

‘ಹೇಳ್ತೀನಿ ಭಾವ. ಆಣೆ.’

ಹೊರಡಲು ತಿರುಗಿದಾಗ ಭಾವ ‘ಲೋ, ನಿಲ್ಲು’ ಎಂದ. ಎಣ್ಣೆ ಕೈಯಿಂದಲೇ ಅವನ ಅಂಗಿಯ ಕತ್ತಿನ ಗುಂಡಿ ಬಿಚ್ಚಿ ಸರಿಯಾದ ಕಾಜಾಕ್ಕೆ ಹಾಕಿದ. ‘ಒಂದು ಗುಂಡಿ ತಪ್ಪಿ ಹಾಕ್ಕೊಂಡಿದ್ದೀಯ. ದರ್ಜಿಯಂತೆ, ದರ್ಜಿ’ ಎಂದ.

ಊರಿನ ಬೀದಿಗಳು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿದ್ದವು. ಉಳಿದವರು ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ತುಕಡಿಯ ಹಿಂದೆ ಸೇರಿಕೊಳ್ಳುತ್ತಿದ್ದರು. ಒಬ್ಬಳು ಹೊಲಿಗೆ ಮಷೀನನ್ನೇ ಎತ್ತಿಕೊಂಡು ಬಂದು, ಹತ್ತು ಹೆಜ್ಜೆಗೆ ಸುಸ್ತಾಗಿ, ಅದನ್ನು ಚರಂಡಿಯ ಪಕ್ಕ ಇಟ್ಟು ತಿರುತಿರುಗಿ ನೋಡುತ್ತ ನಡೆದಳು. ಹಿಂದೆ ಹೊಳೆಯ ಕಡೆಯಿಂದ ಗನ್ನಿನ ಸದ್ದು ಶುರುವಾಗಿತ್ತು. ಸ್ವಲ್ಪ ಹೊತ್ತು ಬಡಿದು, ನಿಂತು, ಮತ್ತೆ ಬಡಿಯುತ್ತಿತ್ತು. ಅದು ನಿಂತಾಗಲೆಲ್ಲ ಸಾಲಿನಲ್ಲಿದ್ದವರು ಉಸಿರು ಹಿಡಿಯುತ್ತಿದ್ದರು, ಮತ್ತೆ ಶುರುವಾದಾಗ ಹೆಜ್ಜೆ ಚುರುಕಾಗುತ್ತಿತ್ತು. ಗೊರಕೆ ಮಾತಿಲ್ಲದೆ ಅವನ ಹಿಂದೆಯೇ ಬರುತ್ತಿದ್ದ. ಯಾರೂ ಅವನ ಮುಖ ನೋಡುತ್ತಿರಲಿಲ್ಲ, ಆದರೆ ಅವನು ಕೈ ಎತ್ತಿದರೆ ಸಾಕು, ಇಡೀ ಸಾಲು ಒಂದೇ ಮೈಯಂತೆ ನಿಲ್ಲುತ್ತಿತ್ತು. ಹರಳೆಣ್ಣೆ ಹೇಳಿದ್ದು ನಾಳೆಯಿಂದ ಅಂತ, ಇವತ್ತೇ ಶುರುವಾಗಿತ್ತು. ದರ್ಜಿ ಮನಸ್ಸಿನಲ್ಲೇ ಆ ಮಾತನ್ನು ಉರು ಹೊಡೆಯುತ್ತ ನಡೆದ: ಅಕ್ಕ, ಭಾವ ಬರಲ್ಲ, ನಾನೇ ಬಿಟ್ಟು ಬಂದೆ. ಅಕ್ಕ, ಭಾವ ಬರಲ್ಲ. ಎಷ್ಟು ಚಿಕ್ಕ ಮಾತು. ಮಗು ಕೂಡ ಹೇಳಬಹುದು.

ಅಕ್ಕ ಮನೆಯ ಮುಂದಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು, ಅವನು ಗಿಡ್ಡ ತೋಳಿನ ಕೋಟು ತೊಟ್ಟು ನಿಂತಿದ್ದ ಜಾಗದಲ್ಲೇ. ಬಗಲಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಕೆಟಲ್. ಸಾಲು ಬರುವುದನ್ನು ನೋಡಿ ಕುತ್ತಿಗೆ ಉದ್ದ ಮಾಡಿ ಒಂದೊಂದೇ ಮುಖ ದಾಟುತ್ತ ಹುಡುಕಿದಳು. ತಮ್ಮನನ್ನು ಕಂಡು ಮುಖ ಅರಳಿತು.

‘ಬಂದ್ಯೇನೋ! ಎಲ್ಲಿ ನಿಮ್ಮ ಭಾವ?’

ಈಗ. ಅವನು ಬಾಯಿ ತೆರೆದ. ಅವಳ ಕಣ್ಣು ಅವನ ಭುಜದ ಮೇಲಿಂದ ಹಿಂದಿನ ಸಾಲಿನಲ್ಲಿ ಓಡಾಡುತ್ತಿತ್ತು. ಹೊಳೆಯ ಕಡೆ ಸದ್ದು ಬಡಿಯುತ್ತಿತ್ತು, ಅಂದರೆ ಭಾವ ಇನ್ನೂ ಇದ್ದ. ಇನ್ನೂ ಇರುವವನನ್ನು ಇಲ್ಲ ಎನ್ನುವುದು ಹೇಗೆ ಎಂದು ಮನಸ್ಸು ತಕ್ಷಣ ಒಂದು ನೆಪ ಹೊಲಿದು ಕೊಟ್ಟಿತು, ಅಚ್ಚುಕಟ್ಟಾದ ಹೊಲಿಗೆ, ಎಲ್ಲೂ ಎಳೆ ಕಾಣದಂಥದ್ದು.

‘ಹಿಂದೆ ಬರ್ತಿದ್ದಾರೆ’ ಎಂದ.

‘ಅಬ್ಬಾ!’ ಎಂದು ಅವಳು ಗಂಟನ್ನು ಕೆಳಗಿಟ್ಟಳು. ‘ಆ ಸದ್ದು ಕೇಳಿ ನನ್ನ ಜೀವವೇ ಹೋಗಿತ್ತು.’

‘ನೀನು ನಡಿ ಅಕ್ಕ. ಈಗಲೇ ನಮ್ಮ ಜೊತೆ ನಡಿ.’

‘ಅವರು ಬರ್ಲಿ. ನಾನು ಮುಂದೆ ಹೋದೆ, ಅವರು ಬಂದು ಬೀಗ ನೋಡಿದ್ರು ಅನ್ಕೋ, ಬೀದಿ ಕಿತ್ತುಹೋಗೋ ಹಾಗೆ ಕೂಗಾಡ್ತಾರೆ. ಗೊತ್ತಿಲ್ವಾ ನಿನಗೆ? ಬಾ, ನಿಂತ ಕಾಲಲ್ಲೇ ಒಂದು ಲೋಟ ಕುಡಿ. ಬಾಯಿ ಒಣಗಿಹೋಗಿದೆ ನಿನಗೆ.’

ಲೋಟ ಕೈಗೆ ಬಂತು. ಅವನು ಕುಡಿದ. ಮಾತಿನ ಬದಲು ಕೈಗೆ ಏನೋ ಸಿಕ್ಕಿತಲ್ಲ ಎಂದು ಒಂದೇ ಗುಟುಕಿಗೆ, ಬಿಸಿಬಿಸಿಯಾಗಿ, ನಾಲಿಗೆ ಸುಟ್ಟುಕೊಂಡು ಕುಡಿದ. ಹಿಂದೆ ಗೊರಕೆ ನಿಂತುಬಿಟ್ಟಿದ್ದ. ಅವನು ದರ್ಜಿಯನ್ನು ನೋಡಿದ, ಅಕ್ಕನನ್ನು ನೋಡಿದ, ಬಾಯಿ ತೆರೆದು ‘ಅಮ್ಮಾ, ಅವರು...’ ಎಂದ.

‘ಸಾಲು ಬಿಡಬೇಡ!’ ಎಂದು ದರ್ಜಿ ಗದರಿದ. ಎಷ್ಟು ಸ್ಪಷ್ಟವಾಗಿ, ಎಷ್ಟು ಗಟ್ಟಿಯಾಗಿ ಬಂತು ದನಿ! ಗೊರಕೆಯ ಬಾಯಿ ಮುಚ್ಚಿತು. ತುಟಿ ಕಚ್ಚಿಕೊಂಡು ಅವನು ಮುಂದೆ ನಡೆದ, ನಾಯಕ ಹೇಳಿದ ಮೇಲೆ ಮುಗಿಯಿತು.

‘ಪಾಪ, ಯಾಕೋ ಬೈತೀಯ?’ ಎಂದಳು ಅಕ್ಕ. ತಮ್ಮನನ್ನು ಮೇಲಿಂದ ಕೆಳಗೆ ನೋಡಿ ಅವಳ ಕಣ್ಣಿನಲ್ಲಿ ಹೆಮ್ಮೆ ತುಳುಕಿತು. ಕೆಟಲ್ ಬಾಗಿಸಿದಳು. ‘ಇನ್ನೊಂದು ಲೋಟ ಹಾಕ್ಲಾ?’

ಅವನು ಲೋಟವನ್ನು ಹಿಂದಕ್ಕೆ ಎಳೆದುಕೊಂಡ.

‘ಬೇಡಕ್ಕ’ ಎಂದ. ‘ಭಾವನಿಗೆ ಇರಲಿ.’

‘ಅದೂ ಸರಿ’ ಎಂದು ಅವಳು ಕೆಟಲಿನ ಮುಚ್ಚಳ ಹಾಕಿ, ಆರದಿರಲೆಂದು ಸೆರಗು ಸುತ್ತಿ ಮಡಿಲಲ್ಲಿಟ್ಟುಕೊಂಡು, ಮೆಟ್ಟಿಲ ಮೇಲೆ ಕೂತಳು. ಬೀದಿಯ ಆ ತುದಿಯನ್ನೇ ನೋಡುತ್ತ ಕೂತಳು.

ಅವನು ಸಾಲಿಗೆ ಸೇರಿಕೊಂಡ. ತಿರುವಿನ ಹತ್ತಿರ ಬಂದಾಗ ಹೊಳೆಯ ಕಡೆಯ ಸದ್ದು ನಿಂತಿತು. ಎಲ್ಲರೂ ಉಸಿರು ಹಿಡಿದು ಕಾದರು. ಮತ್ತೆ ಶುರುವಾಗಲಿಲ್ಲ. ಅಲ್ಲಿಂದ ಅಂಗಡಿಯ ಮೆಟ್ಟಿಲು ಇನ್ನೂ ಕಾಣುತ್ತಿತ್ತು, ಕೂಗಿದರೆ ಕೇಳಿಸುವಷ್ಟು ದೂರ, ಓಡಿದರೆ ಮುಟ್ಟುವಷ್ಟು ದೂರ. ಇಡೀ ತುಕಡಿ ಅವನ ಬಾಯನ್ನೇ ನೋಡುತ್ತ ನಿಂತಿತ್ತು. ಅವನು ಬಾಯಿ ತೆರೆದ.

‘ನಡೀರಿ’ ಎಂದ. ನಡೆದರು.